ಮನೆಯಲ್ಲೇ ಸರ್ವರ್: ಯಾವ ಪೆಟ್ಟಿಗೆ, ಯಾವ ಬಾಗಿಲು? ಕಲಬುರಗಿ ಸೀಮೆಯ ಮನೆಗಳಿಗೊಂದು ಹೋಲಿಕೆ

ಮನೆಯಲ್ಲೇ ಸರ್ವರ್, ಅಂದರೆ ಕಡತಗಳನ್ನು ಇಟ್ಟುಕೊಂಡು ಬೇರೆ ಕಡೆಯಿಂದಲೂ ತೆರೆಯಲು ಕೊಡುವ, ಸದಾ ಆನ್ ಇರುವ ಕಂಪ್ಯೂಟರ್ ಇಡುವ ಬಗ್ಗೆ ಕಳೆದ ಒಂದು ವರ್ಷದಲ್ಲಿ ಮೂವರು ನನ್ನ ಮುಂದೆ ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಇಟ್ಟಿದ್ದಾರೆ. ಕಲಬುರಗಿಯಲ್ಲಿ ಮದುವೆ ಫೋಟೋಗಳ ಸ್ಟುಡಿಯೋ ನಡೆಸುವವರೊಬ್ಬರು, ವರ್ಷದಿಂದ ವರ್ಷಕ್ಕೆ ಏರುತ್ತಿರುವ ಕ್ಲೌಡ್ (ಇಂಟರ್ನೆಟ್ಟಿನಲ್ಲಿ ಕಂಪನಿಗಳು ಕೊಡುವ ಜಾಗ) ಬಾಡಿಗೆಯಿಂದ ಬೇಸತ್ತು, ಎಲ್ಲವನ್ನೂ ಮನೆಯಲ್ಲೇ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಬೀದರಿನ ನಿವೃತ್ತ ಶಿಕ್ಷಕಿಯೊಬ್ಬರಿಗೆ ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ತುಂಬಿಹೋಗಿ, ಬೆಂಗಳೂರಿನಲ್ಲಿರುವ ಮಗಳು ಕಳಿಸುವ ಚಿತ್ರಗಳನ್ನು ಇಡಲು ಜಾಗವಿರಲಿಲ್ಲ. ಯಾದಗಿರಿಯ ಅಡತಿ ಅಂಗಡಿಯವರಿಗೆ ಬೇಕಾಗಿದ್ದದ್ದು, ಅಂಗಡಿಯ ಕಂಪ್ಯೂಟರಿನಲ್ಲಿರುವ ಟ್ಯಾಲಿ ಲೆಕ್ಕವನ್ನು ರಾತ್ರಿ ಮನೆಯಿಂದ ನೋಡುವ ದಾರಿ.

ಮೂವರ ಕೈಯಲ್ಲೂ ಕೊಳ್ಳಬೇಕಾದ ಯಂತ್ರಗಳ ಪಟ್ಟಿಯಿತ್ತು. ಯಾವ ಯಂತ್ರ ಎಂಬುದು ಎರಡನೆಯ ಪ್ರಶ್ನೆ ಎಂದು ನಾನು ಅವರಿಗೆ ಹೇಳಿದೆ. ಹೊರಗಿನಿಂದ ಆ ಯಂತ್ರಕ್ಕೆ ಯಾವ ಬಾಗಿಲಿನ ಮೂಲಕ ಬರುತ್ತೀರಿ, ಆ ಬಾಗಿಲನ್ನು ಯಾರು ಕಾಯುತ್ತಾರೆ ಎಂಬುದು ಮೊದಲನೆಯದು. ಪೆಟ್ಟಿಗೆ ತಪ್ಪಾಗಿ ಆಯ್ದರೆ ಕೆಲವು ಸಾವಿರ ರೂಪಾಯಿ ಹೋಗುತ್ತದೆ; ಬಾಗಿಲು ತಪ್ಪಾಗಿ ಆಯ್ದರೆ ಹತ್ತು ವರ್ಷದ ಲೆಕ್ಕ, ಮಕ್ಕಳ ಚಿತ್ರ, ಗಿರಾಕಿಗಳ ವಿಶ್ವಾಸ ಎಲ್ಲವೂ ಒಂದೇ ರಾತ್ರಿಯಲ್ಲಿ ಹೋಗಬಹುದು. ಈ ಬರಹದಲ್ಲಿ ಎರಡನ್ನೂ ತೂಗಿ ನೋಡಿದ್ದೇನೆ, ಆದರೆ ಬಾಗಿಲಿನ ಬಳಿ ಹೆಚ್ಚು ಹೊತ್ತು ನಿಂತಿದ್ದೇನೆ.

ಮೊದಲು ಅಳತೆಗೋಲು

ಪುಸ್ತಕಗಳಲ್ಲಿ ಸಿಗುವ ಮಾನದಂಡಗಳು ತಂಪು ದೇಶದ, ಕರೆಂಟ್ ಹೋಗದ ಮನೆಗಳಿಗಾಗಿ ಬರೆದವು. ನಮ್ಮ ಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗಿನ ಉಷ್ಣತೆ 42 ಡಿಗ್ರಿ ದಾಟುವುದು ಮಾಮೂಲು, ತಗಡಿನ ಮಾಡಿನ ಕೋಣೆಯೊಳಗೆ ಅದಕ್ಕಿಂತ ಹೆಚ್ಚು. ಅದೇ ತಿಂಗಳ ಸಂಜೆಗಳಲ್ಲಿ ಗಾಳಿ, ಗುಡುಗು, ಮಳೆ ಬಂದು ಕರೆಂಟ್ ಹತ್ತು ಸಲ ಹೋಗಿ ಹತ್ತು ಸಲ ಬರುತ್ತದೆ. ಆದ್ದರಿಂದ ಮೊದಲ ಎರಡು ಪ್ರಶ್ನೆಗಳು ಇವು: ಈ ಯಂತ್ರ ಸೆಖೆಯನ್ನು ತಾಳುತ್ತದೆಯೇ? ಹಠಾತ್ತಾಗಿ ಕರೆಂಟ್ ಹೋದರೆ ಒಳಗಿರುವುದು ಉಳಿಯುತ್ತದೆಯೇ, ಮತ್ತು ಕರೆಂಟ್ ಬಂದ ಮೇಲೆ ಯಾರೂ ಮುಟ್ಟದೆ ಅದು ತಾನಾಗಿ ಎದ್ದು ನಿಲ್ಲುತ್ತದೆಯೇ?

ಮೂರನೆಯದು ವಿದ್ಯುತ್ ಬಳಕೆ. ದಿನದ 24 ಗಂಟೆಯೂ ಉರಿಯುವ ಯಂತ್ರ 10 ವಾಟ್ ಎಳೆದರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ ಆಗುತ್ತದೆ. 60 ವಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ಆದರೆ 43 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ 43 ರೂಪಾಯಿ, ಎರಡನೆಯದಕ್ಕೆ 260 ರೂಪಾಯಿ. ಆದರೆ ಗೃಹಜ್ಯೋತಿ ಇರುವ ಮನೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಉಚಿತವಾಗಿ ಸಿಗುವುದು ಸಾಮಾನ್ಯವಾಗಿ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡ 10ರಷ್ಟು ಹೆಚ್ಚುವರಿ ಮಾತ್ರ, ಮತ್ತು ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಸರಾಸರಿ 90 ಯೂನಿಟ್ ಇದ್ದ ಮನೆಗೆ 99ರವರೆಗೆ ಬಿಟ್ಟಿ. 10 ವಾಟಿನ ಯಂತ್ರ ಆ 9 ಯೂನಿಟ್‌ಗಳ ಅಂತರದೊಳಗೆ ಕೂರುತ್ತದೆ; ಹಳೆಯ ಡೆಸ್ಕ್‌ಟಾಪ್ ಕೂರುವುದಿಲ್ಲ. ಬೇಸಿಗೆಯಲ್ಲಿ ಕೂಲರ್ ಹಾಕುವ ಮನೆಯವರು ಜೆಸ್ಕಾಂ ಬಿಲ್ ಎದುರಿಗಿಟ್ಟುಕೊಂಡೇ ಯಂತ್ರ ಆರಿಸಬೇಕು.

ನಾಲ್ಕನೆಯದು, ನಿಮ್ಮ ಇಂಟರ್ನೆಟ್ ಲೈನ್ ಹೊರಗಿನವರಿಗೆ ಕಾಣುವ ಸ್ವಂತ ವಿಳಾಸ ಕೊಡುತ್ತದೆಯೇ ಎಂಬುದು. ಐದನೆಯದು, ತಿಂಗಳಿಗೆ ಎಷ್ಟು ಗಂಟೆ ಇದಕ್ಕೆ ಕೊಡಬಲ್ಲಿರಿ ಎಂಬುದು. ಈ ಐದನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿದವರು ಕಡಿಮೆ. ತಿಂಗಳಿಗೆ ಎರಡು ಗಂಟೆಯೂ ಸಿಗದು ಎನ್ನುವವರು ಕ್ಲೌಡ್ ಬಾಡಿಗೆ ಕಟ್ಟುವುದೇ ಸರಿ. ಅದರಲ್ಲಿ ಸಣ್ಣತನವೇನೂ ಇಲ್ಲ.

ಪೆಟ್ಟಿಗೆಗಳು

ರಾಸ್ಪ್‌ಬೆರಿ ಪೈ ಎಲ್ಲರೂ ಮೊದಲು ಹೆಸರಿಸುವ ಯಂತ್ರ. ಅಂಗೈಯಷ್ಟು ಚಿಕ್ಕದು, ಸುಮ್ಮನಿದ್ದಾಗ 3-4 ವಾಟ್ ಮಾತ್ರ ಎಳೆಯುತ್ತದೆ, ಕರೆಂಟ್ ಬಂದ ಕೂಡಲೇ ತಾನಾಗಿ ಶುರುವಾಗುತ್ತದೆ. ಜಾಹೀರಾತು ತಡೆಯುವ ಪೈ-ಹೋಲ್, ಚಿಕ್ಕ ಕಡತ ಹಂಚಿಕೆ, ಮನೆಯ ಸ್ವಿಚ್ಚುಗಳ ನಿಯಂತ್ರಣ ಇಷ್ಟಕ್ಕೇ ಆದರೆ ಇದು ಸಾಕು. ಇದರ ದೌರ್ಬಲ್ಯ ಮೆಮೊರಿ ಕಾರ್ಡ್. ಆಪರೇಟಿಂಗ್ ಸಿಸ್ಟಮ್ ಕಾರ್ಡಿನಲ್ಲೇ ಇದ್ದು, ಬರೆಯುತ್ತಿರುವ ಹೊತ್ತಿನಲ್ಲೇ ಕರೆಂಟ್ ಹೋದರೆ ಕಾರ್ಡ್ ಕೆಡುವ ಸಂಭವ ಹೆಚ್ಚು. ನನ್ನದೇ ಮನೆಯಲ್ಲಿ ಹೀಗಾಗಿದೆ. ಮಾಳಿಗೆಯ ಮೇಲಿನ ಕೋಣೆಯಲ್ಲಿ ಇಟ್ಟಿದ್ದ ಪೈ, ಮೇ ತಿಂಗಳ ಒಂದು ಗಾಳಿಮಳೆಯ ಸಂಜೆ ನಾಲ್ಕು ಸಲ ಆರಿ ಹತ್ತಿ, ಐದನೆಯ ಸಲ ಏಳಲಿಲ್ಲ. ಎರಡು ತಿಂಗಳು ಕೂತು ಸ್ಕ್ಯಾನ್ ಮಾಡಿದ್ದ ಅಪ್ಪನ ಕಾಲದ ಪಹಣಿ, ಕಂದಾಯದ ರಸೀದಿಗಳ ಪ್ರತಿಗಳು ಅದರಲ್ಲಿದ್ದವು. ಮೂಲ ಕಾಗದಗಳು ಟ್ರಂಕಿನಲ್ಲಿ ಇದ್ದುದರಿಂದ ಮಾತ್ರ ಮತ್ತೆ ಮಾಡಲು ಸಾಧ್ಯವಾಯಿತು. ಪೈ ಕೊಳ್ಳುವುದಾದರೆ ಕಾರ್ಡ್ ಬಿಟ್ಟು, ಚಿಪ್ಪಿನ ಡಿಸ್ಕಾದ ಎಸ್‌ಎಸ್‌ಡಿಯಿಂದ ನಡೆಸಿ, ಫ್ಯಾನ್ ಇರುವ ಕವಚ ಹಾಕಿ. ಚಿಪ್ಪಿನ ಬಿಸಿ 80 ಡಿಗ್ರಿ ಮುಟ್ಟಿದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ನಮ್ಮ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಆ ಮಟ್ಟ ದೂರವಿಲ್ಲ. ಹಾಗೆಯೇ ಪೈ 5ಕ್ಕೆ 5 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು, ಮನೆಯಲ್ಲಿ ಬಿದ್ದಿರುವ ಮೊಬೈಲ್ ಚಾರ್ಜರ್ ಸಾಲದು. ಇವೆಲ್ಲವನ್ನೂ ಕೂಡಿಸಿದರೆ ಅದರ ಬೆಲೆ ಮುಂದೆ ಹೇಳುವ ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಹಳೆಯ ಲ್ಯಾಪ್‌ಟಾಪ್ ಬಹುತೇಕ ಮನೆಗಳ ಕಪಾಟಿನಲ್ಲಿ ಈಗಾಗಲೇ ಇದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತುಹೋದ ಮೇಲೆ, ವಿಂಡೋಸ್ 11 ಹತ್ತದ ಯಂತ್ರಗಳು ಮೂಲೆಗೆ ಬಿದ್ದಿವೆ. ಅವುಗಳಲ್ಲಿನ ವಿಂಡೋಸ್ ಅಳಿಸಿ ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಿದರೆ ಖರ್ಚಿಲ್ಲದೆ ಒಂದು ಸರ್ವರ್ ಸಿಗುತ್ತದೆ, ಜೊತೆಗೆ ಅದರ ಬ್ಯಾಟರಿಯೇ ಯುಪಿಎಸ್ ಆಗಿ ದುಡಿಯುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ವರ್ಷವಿಡೀ ಚಾರ್ಜರ್‌ಗೆ ಸಿಕ್ಕಿಸಿ, ಬ್ಯಾಟರಿಯನ್ನು 100ರಲ್ಲಿಯೇ ಇಟ್ಟು, ಸೆಖೆಯ ಕೋಣೆಯಲ್ಲಿ ಬಿಟ್ಟರೆ ಬ್ಯಾಟರಿ ಉಬ್ಬುತ್ತದೆ. ಉಬ್ಬಿದ ಬ್ಯಾಟರಿ ಬೆಂಕಿಗೆ ಆಹ್ವಾನ. ಚಾರ್ಜನ್ನು 60 ಅಥವಾ 80ಕ್ಕೆ ನಿಲ್ಲಿಸುವ ಸೌಲಭ್ಯ ಹಲವು ಮಾದರಿಗಳಲ್ಲಿದೆ, ಮೊದಲು ಅದನ್ನು ಹಾಕಿ, ತಿಂಗಳಿಗೊಮ್ಮೆ ತಳಭಾಗವನ್ನು ಕೈಯಿಂದ ಮುಟ್ಟಿ ನೋಡಿ. ಇನ್ನೊಂದು ಕೊರತೆ ಎಂದರೆ, ಬ್ಯಾಟರಿ ಪೂರ್ತಿ ಇಳಿದು ಆರಿಹೋದ ಮೇಲೆ ಕರೆಂಟ್ ಬಂದರೂ ಹೆಚ್ಚಿನ ಲ್ಯಾಪ್‌ಟಾಪುಗಳು ತಾವಾಗಿ ಏಳುವುದಿಲ್ಲ. ಯಾರೂ ಇಲ್ಲದ ಮನೆಗೆ ಇದು ಸಲ್ಲದು.

ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ ನನ್ನ ಮೊದಲ ಆಯ್ಕೆ. ಕಚೇರಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ ಎಂಬ ಹೆಸರಿನ, ದಪ್ಪ ಪುಸ್ತಕದಷ್ಟು ದೊಡ್ಡ ಯಂತ್ರಗಳು ಸ್ಥಿತಿಗೆ ತಕ್ಕಂತೆ ಹತ್ತರಿಂದ ಹದಿನೈದು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಬೀದರಿನವರಿಗೆ ಬೆಂಗಳೂರಿನ ಎಸ್‌.ಪಿ. ರೋಡಿಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಕೈಯಲ್ಲಿ ಹಿಡಿದು, ಆನ್ ಮಾಡಿ ನೋಡಿ ತರಬಹುದು. ಇಂಟೆಲ್ 8ನೇ ಪೀಳಿಗೆಯದು ಸಿಕ್ಕರೆ ಒಳ್ಳೆಯದು, ಸುಮ್ಮನಿದ್ದಾಗ ಹತ್ತು ವಾಟಿನ ಆಸುಪಾಸು ಎಳೆಯುತ್ತದೆ. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ಮೊದಲು ಓಡುವ ಒಳಗಿನ ತಂತ್ರಾಂಶ) ಕರೆಂಟ್ ಬಂದ ಮೇಲೆ ತಾನಾಗಿ ಆನ್ ಆಗುವ ಆಯ್ಕೆಯೊಂದಿದೆ. ಮನೆಗೆ ತಂದ ದಿನವೇ ಅದನ್ನು ಹಾಕಿ, ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿ ಪರೀಕ್ಷಿಸಿ. ಹೊಸದೇ ಬೇಕೆನ್ನುವವರಿಗೆ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿಗಳಿವೆ. ಇನ್ನೂ ಕಡಿಮೆ ವಿದ್ಯುತ್ ಸಾಕು, ಆದರೆ ಹೆಸರು ಕೇಳದ ಕಂಪನಿಗಳವು ಹೆಚ್ಚಾಗಿದ್ದು, ಬಯಾಸ್ ಅಪ್‌ಡೇಟ್ ಸಿಗುವ ಭರವಸೆ ಇರುವುದಿಲ್ಲ. ಎರಡರಲ್ಲೂ ದೊಡ್ಡ ಹಾರ್ಡ್‌ಡಿಸ್ಕ್ ಒಳಗೆ ಕೂರುವುದಿಲ್ಲ ಎಂಬುದು ನೆನಪಿರಲಿ.

ಆ ಜಾಗ ಬೇಕಾದವರಿಗೆ ಸಿದ್ಧ ನ್ಯಾಸ್, ಅಂದರೆ ಮನೆಯ ಜಾಲಕ್ಕೆ ಜೋಡಿಸುವ ಡಿಸ್ಕ್ ಪೆಟ್ಟಿಗೆಗಳಿವೆ. ಸೈನಾಲಜಿ, ಕ್ಯುನ್ಯಾಪ್ ಮುಂತಾದವು ಎರಡು ಡಿಸ್ಕ್ ಹಾಕುವ ಪೆಟ್ಟಿಗೆಯನ್ನು, ಮೊಬೈಲ್ ಆ್ಯಪ್ ಸಹಿತ ಕೊಡುತ್ತವೆ. ಕಮಾಂಡ್ ಟೈಪ್ ಮಾಡಲು ಮನಸ್ಸಿಲ್ಲದವರಿಗೆ ಇದು ಹೊಂದುತ್ತದೆ. ಬೆಲೆ ಡಿಸ್ಕುಗಳನ್ನು ಬಿಟ್ಟೇ ಮಿನಿ ಪಿಸಿಯನ್ನು ಮೀರುತ್ತದೆ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಇದೆ ಎಂಬ ಧೈರ್ಯವನ್ನು ಬ್ಯಾಕಪ್ ಎಂದು ತಿಳಿಯಬಾರದು. ನೀವು ತಪ್ಪಿ ಅಳಿಸಿದ್ದು ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ. ಇನ್ನೊಂದು ಎಚ್ಚರ: 2022ರ ಜನವರಿಯಿಂದ ಡೆಡ್‌ಬೋಲ್ಟ್ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್, ಇಂಟರ್ನೆಟ್ಟಿಗೆ ನೇರವಾಗಿ ತೆರೆದಿದ್ದ ಕ್ಯುನ್ಯಾಪ್ ಪೆಟ್ಟಿಗೆಗಳನ್ನು ಹುಡುಕಿ ಬೀಗ ಹಾಕಿ, ಪ್ರತಿ ಮಾಲೀಕರಿಂದ 0.03 ಬಿಟ್‌ಕಾಯಿನ್ ಕೇಳಿತು. ಪೆಟ್ಟಿಗೆ ಸಿದ್ಧವಾಗಿ ಬಂದ ಮಾತ್ರಕ್ಕೆ ಬಾಗಿಲೂ ಭದ್ರವಾಗಿ ಬಂದಿರುವುದಿಲ್ಲ.

ಕೊನೆಯದು ವಿಪಿಎಸ್ ಎಂಬ ಬಾಡಿಗೆಯ ಸರ್ವರ್. ಮುಂಬೈ, ಬೆಂಗಳೂರು, ಹೈದರಾಬಾದಿನ ಡೇಟಾ ಸೆಂಟರುಗಳಲ್ಲಿ ತಿಂಗಳಿಗೆ ಕೆಲವು ನೂರು ರೂಪಾಯಿಗೆ ಸಣ್ಣ ಯಂತ್ರವೊಂದು ಸಿಗುತ್ತದೆ. ಸೆಖೆಯಿಲ್ಲ, ಕರೆಂಟ್ ಚಿಂತೆಯಿಲ್ಲ, ಸ್ವಂತ ವಿಳಾಸವಿದೆ. ಸಾರ್ವಜನಿಕ ಜಾಲತಾಣ ನಡೆಸುವವರು ಮನೆಯ ಲೈನ್ ಬಿಟ್ಟು ಇದನ್ನೇ ಆರಿಸಲಿ. ಆದರೆ ಟೆರಾಬೈಟ್ ಲೆಕ್ಕದ ಫೋಟೋಗಳಿಗೆ ಇದು ದುಬಾರಿ, ಮತ್ತು ಇಲ್ಲಿ ನಿಮ್ಮ ಯಂತ್ರ ಹುಟ್ಟಿದ ಕ್ಷಣದಿಂದಲೇ ಬೀದಿಯಲ್ಲಿ ನಿಂತಿರುತ್ತದೆ.

ಯುಪಿಎಸ್ ಮತ್ತು ಜಾಗದ ಬಗ್ಗೆ

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡಿನಲ್ಲಿ ಇಡಿ. ಸಾಮಾನ್ಯ ಮೋಡಿನಲ್ಲಿ ಬದಲಾವಣೆಗೆ ಹಿಡಿಯುವ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಇನ್ವರ್ಟರ್ ಇಲ್ಲದವರು ಸಣ್ಣ ಯುಪಿಎಸ್ ಒಂದನ್ನು ಯಂತ್ರಕ್ಕೂ, 12 ವೋಲ್ಟಿನ ಚಿಕ್ಕ ಯುಪಿಎಸ್ ಒಂದನ್ನು ರೌಟರಿಗೂ ಕೊಡಲಿ. ಲೆಡ್-ಆ್ಯಸಿಡ್ ಬ್ಯಾಟರಿಯ ಆಯುಷ್ಯ ಸೆಖೆ ಏರಿದಂತೆ ವೇಗವಾಗಿ ಇಳಿಯುತ್ತದೆ, ಆದ್ದರಿಂದ ಕವರಿನ ಮೇಲೆ ಬರೆದ ವರ್ಷಗಳನ್ನು ನಂಬದೆ ಪ್ರತಿ ಮಾರ್ಚಿನಲ್ಲಿ ಒಮ್ಮೆ ಪ್ಲಗ್ ಕಿತ್ತು ಎಷ್ಟು ನಿಮಿಷ ನಿಲ್ಲುತ್ತದೆ ಎಂದು ನೋಡಬೇಕು. ಯಂತ್ರವನ್ನು ಮಾಳಿಗೆಯ ಕೋಣೆಯಲ್ಲೋ ಅಟ್ಟದಲ್ಲೋ ಇಡುವುದು ಬೇಡ. ನಮ್ಮ ಮನೆಗಳಲ್ಲಿ ಶಹಾಬಾದ ಫರಸಿ ಹಾಸಿದ ಕೆಳಗಿನ ಪಡಸಾಲೆಯೇ ತಂಪು. ನೆಲದಿಂದ ಒಂದು ಅಡಿ ಮೇಲೆ, ಗೋಡೆಗೆ ತಾಗದಂತೆ ಇಟ್ಟರೆ ಧೂಳೂ ಕಡಿಮೆ, ಸೆಖೆಯೂ ಕಡಿಮೆ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಫೈಬರ್ ಎಳೆಯ ಮೂಲಕ ಸಿಡಿಲು ಒಳಗೆ ಬರುವುದಿಲ್ಲ, ಆದರೆ ಮಾಳಿಗೆಯ ಕ್ಯಾಮೆರಾದಿಂದ ಇಳಿದ ತಾಮ್ರದ ತಂತಿಯ ಮೂಲಕ ಬರುತ್ತದೆ.

ಬಾಗಿಲುಗಳು

ಮೊದಲು ಲೈನ್ ಪರೀಕ್ಷಿಸಿ. ರೌಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ (ಹೊರಗಿನ ಬದಿಯ) ವಿಳಾಸ ಎಂದು ತೋರಿಸುವುದನ್ನು ಬರೆದುಕೊಳ್ಳಿ. ನಂತರ ನಿಮ್ಮ ಐಪಿ (ಇಂಟರ್ನೆಟ್ಟಿನಲ್ಲಿ ನಿಮ್ಮ ವಿಳಾಸ) ಯಾವುದು ಎಂದು ಹೇಳುವ ಯಾವುದಾದರೂ ಜಾಲತಾಣದಲ್ಲಿ ನೋಡಿ. ಎರಡೂ ಬೇರೆಯಾಗಿದ್ದು, ರೌಟರಿನದು 10ರಿಂದ ಅಥವಾ 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ನೂರಾರು ಮನೆಗಳಿಗೆ ಒಂದೇ ವಿಳಾಸ. ಆಗ ಪೋರ್ಟ್ (ಹೊರಗಿನವರು ಯಂತ್ರದೊಳಗೆ ಬರುವ, ಅಂಕಿಯಿಂದ ಗುರುತಿಸುವ ದಾರಿ) ತೆರೆಯುವ ಮೊದಲ ಬಾಗಿಲು ಹೇಗೂ ನಿಮಗಿಲ್ಲ, ಸ್ಥಿರ ಐಪಿಗೆ ಬೇರೆ ಹಣ ಕಟ್ಟಿದರೆ ಮಾತ್ರ ಉಂಟು. ಇದನ್ನು ಕೊರತೆ ಎಂದುಕೊಳ್ಳುವವರೇ ಹೆಚ್ಚು. ನನಗೆ ಮಾತ್ರ ಇದು ಅನೇಕ ಮನೆಗಳನ್ನು ಅವರಿಗೇ ತಿಳಿಯದಂತೆ ಕಾಪಾಡಿದೆ ಎನ್ನಿಸುತ್ತದೆ.

ಏಕೆಂದರೆ ಪೋರ್ಟ್ ಫಾರ್ವರ್ಡಿಂಗ್ ಎಂಬ ಮೊದಲ ಬಾಗಿಲು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯಕಾರಿ. ರೌಟರಿನಲ್ಲಿ ಒಂದು ಸಾಲು ಬರೆದರೆ ಜಗತ್ತಿನ ಯಾವ ಮೂಲೆಯಿಂದಲೂ ನಿಮ್ಮ ಯಂತ್ರಕ್ಕೆ ಬರಬಹುದು, ಮತ್ತು ಜಗತ್ತಿನ ಎಲ್ಲ ಮೂಲೆಗಳಿಂದ ಬರುತ್ತಾರೆ ಕೂಡ. ತೆರೆದ ಪೋರ್ಟುಗಳನ್ನು ಹಗಲಿರುಳು ಹುಡುಕುವ ಯಂತ್ರಗಳಿವೆ. ದೂರದಿಂದ ಯಂತ್ರಕ್ಕೆ ಕಮಾಂಡ್ ಕೊಡುವ ಎಸ್‌ಎಸ್‌ಎಚ್ ಪೋರ್ಟ್ ತೆರೆದಿಟ್ಟು ಒಂದು ರಾತ್ರಿ ಬಿಟ್ಟು ಲಾಗ್ (ಯಾರು ಬಂದರು ಎಂಬ ದಾಖಲೆ) ತೆರೆದು ನೋಡಿದವರಿಗೆ ಇದು ಗೊತ್ತು. ಯಾದಗಿರಿಯ ಅಂಗಡಿಯಲ್ಲಿ ನಾನು ಕಂಡದ್ದು ಇದಕ್ಕಿಂತ ಕೆಟ್ಟದ್ದು. ಲೆಕ್ಕ ಬರೆಯುವವರು ಮನೆಯಿಂದ ಕೆಲಸ ಮಾಡಲೆಂದು ಯಾರೋ ರೌಟರಿನಲ್ಲಿ 3389 ಪೋರ್ಟ್ ತೆರೆದು, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಹೊರಗೆ ಬಿಟ್ಟಿದ್ದರು; ಪಾಸ್‌ವರ್ಡ್ ಅಂಗಡಿಯ ಹೆಸರಿನ ಮುಂದೆ 123. ತೊಗರಿ ಸುಗ್ಗಿಯ ಲೆಕ್ಕ, ರೈತರ ಬಾಕಿ, ಜಿಎಸ್‌ಟಿ ವಿವರ ಎಲ್ಲವೂ ಆ ಒಂದು ಪದದ ಹಿಂದೆ ಇತ್ತು. ರ‍್ಯಾನ್ಸಮ್‌ವೇರ್ ಹಾಕುವವರು ಒಳಗೆ ಬರಲು ಬಳಸುವ ಮಾಮೂಲು ದಾರಿಗಳಲ್ಲಿ ಇದೂ ಒಂದು. ನಿಮ್ಮ ಅಂಗಡಿಯಲ್ಲೂ ಟ್ಯಾಲಿ ಹೊರಗಿನಿಂದ ತೆರೆಯುತ್ತಿದ್ದರೆ, ಈ ಬರಹ ಓದುವುದನ್ನು ನಿಲ್ಲಿಸಿ ಮೊದಲು ರೌಟರಿನಲ್ಲಿ ಆ ಸಾಲು ಇದೆಯೇ ಎಂದು ನೋಡಿ ಬನ್ನಿ.

ಎರಡನೆಯ ಬಾಗಿಲು ಕ್ಲೌಡ್‌ಫ್ಲೇರ್ ಕಂಪನಿಯ ಟನಲ್‌ನಂಥದ್ದು. ನಿಮ್ಮ ಯಂತ್ರವೇ ಒಳಗಿನಿಂದ ಹೊರಗೆ ಒಂದು ಸಂಪರ್ಕ ಕಟ್ಟಿಕೊಂಡಿರುತ್ತದೆ, ಬಂದವರು ಆ ಕಂಪನಿಯ ಮೂಲಕವೇ ಬರಬೇಕು. ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ, ಪೋರ್ಟ್ ತೆರೆಯಬೇಕಿಲ್ಲ, ಸ್ವಂತ ಡೊಮೇನ್, ಅಂದರೆ ಜಾಲತಾಣದ ಹೆಸರೊಂದಿದ್ದರೆ ಟನಲ್ ಉಚಿತ. ಗಿರಾಕಿಗಳಿಗೆ ಆಲ್ಬಮ್ ಲಿಂಕ್ ಕಳಿಸಬೇಕಾದ ಸ್ಟುಡಿಯೋಗೆ ಇದು ಆಕರ್ಷಕ, ಏಕೆಂದರೆ ನೋಡುವವರು ಯಾವ ಆ್ಯಪನ್ನೂ ಹಾಕಿಕೊಳ್ಳಬೇಕಿಲ್ಲ. ಮಿತಿಗಳು ಮೂರು. ಗುಪ್ತಲಿಪಿ ಅವರ ಸರ್ವರಿನಲ್ಲಿ ಬಿಚ್ಚಿಕೊಳ್ಳುವುದರಿಂದ ಹಾದುಹೋಗುವುದನ್ನು ಅವರು ನೋಡಬಲ್ಲರು. ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ಕಡತ ಮೇಲೇರದು, ಹಾಗಾಗಿ ಮೊಬೈಲಿನ ಉದ್ದನೆಯ ವಿಡಿಯೋಗಳ ಬ್ಯಾಕಪ್ ಅರ್ಧಕ್ಕೆ ನಿಲ್ಲುತ್ತದೆ. ಮೂರನೆಯದನ್ನು ಜನ ಮರೆಯುತ್ತಾರೆ: ಲಿಂಕ್ ಇದ್ದವರೆಲ್ಲರೂ ನಿಮ್ಮ ಲಾಗಿನ್ ಪುಟದವರೆಗೆ ಬರುತ್ತಾರೆ. ಆ ತಂತ್ರಾಂಶದಲ್ಲಿ ನಾಳೆ ದೋಷವೊಂದು ಪತ್ತೆಯಾದರೆ ಟನಲ್ ತಾನಾಗಿ ನಿಮ್ಮನ್ನು ಉಳಿಸುವುದಿಲ್ಲ. ಟನಲ್ಲಿನ ಮುಂದೆ ಇಮೇಲ್ ಗುರುತು ಕೇಳುವ ಇನ್ನೊಂದು ತಡೆ ಹಾಕುವ ಅವಕಾಶವಿದೆ, ಅದನ್ನು ಬಿಡಬೇಡಿ.

ಮೂರನೆಯದು ಖಾಸಗಿ ಜಾಲ, ಅಂದರೆ ನೀವು ಸೇರಿಸಿದ ಯಂತ್ರಗಳು ಮಾತ್ರ ಗುಪ್ತಲಿಪಿಯಲ್ಲಿ ಮಾತಾಡುವ ಜಾಲ: ವೈರ್‌ಗಾರ್ಡ್, ಅಥವಾ ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಟ್ಟು ಬಾಯಿ ಮುಚ್ಚಿ ಮಣ್ಣು ಎಳೆದರೆ, ಜಾಗ ಗೊತ್ತಿಲ್ಲದವನಿಗೆ ಅಲ್ಲಿ ಕಾಳಿದೆ ಎಂಬುದೇ ತಿಳಿಯುತ್ತಿರಲಿಲ್ಲ. ವೈರ್‌ಗಾರ್ಡ್ ಹಾಗೆಯೇ ಇದೆ. ಸರಿಯಾದ ಕೀಲಿಯಿಲ್ಲದೆ ಬಂದ ಮಾತಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. 2020ರ ಮಾರ್ಚಿನಲ್ಲಿ ಲಿನಕ್ಸ್ 5.6ರ ತಿರುಳಾದ ಕರ್ನಲ್ಲಿನೊಳಗೇ ಸೇರಿದ ಮೇಲೆ ಇದು ಎಲ್ಲೆಡೆ ಸಿಗುತ್ತದೆ. ಬರೀ ವೈರ್‌ಗಾರ್ಡ್ ನಡೆಸಲು ಸ್ವಂತ ವಿಳಾಸ ಬೇಕು. ಟೇಲ್‌ಸ್ಕೇಲ್ ಸಿಜಿನ್ಯಾಟ್ ದಾಟಿ ಎರಡು ಯಂತ್ರಗಳನ್ನು ನೇರ ಜೋಡಿಸಲು ಯತ್ನಿಸುತ್ತದೆ, ಆಗದಿದ್ದರೆ ತನ್ನ ರಿಲೇ (ನಡುವಿನ ಸರ್ವರ್) ಮೂಲಕ ಕಳಿಸುತ್ತದೆ. ಆಗಲೂ ಒಳಗಿನದು ರಿಲೇಗೆ ಓದಲು ಬರುವುದಿಲ್ಲ. ಸಣ್ಣ ಕುಟುಂಬಕ್ಕೆ ಉಚಿತ ಯೋಜನೆ ಸಾಕು. ತೊಂದರೆ ಎಂದರೆ ನೋಡಬೇಕಾದ ಪ್ರತಿಯೊಬ್ಬರ ಫೋನಿನಲ್ಲೂ ಆ್ಯಪ್ ಇರಬೇಕು, ಮತ್ತು ಒಳಗೆ ಹೋಗಲು ಬಳಸುವ ಗೂಗಲ್ ಅಥವಾ ಬೇರೆ ಖಾತೆ ಕಳೆದುಹೋದರೆ ಜಾಲದ ಬಾಗಿಲೂ ಹೋಗುತ್ತದೆ. ಆ ಖಾತೆಗೆ ಎರಡು ಹಂತದ ಪರಿಶೀಲನೆ ಕಡ್ಡಾಯ. ಮನೆಮಂದಿಗೆ, ಅಂಗಡಿಯ ಇಬ್ಬರು ಮೂವರಿಗೆ ನಾನು ಬೇರೆ ಯಾವುದನ್ನೂ ಸೂಚಿಸುವುದಿಲ್ಲ.

ಹೊಸ ಪೀಳಿಗೆಯ ಐಪಿ ವಿಳಾಸವಾದ ಐಪಿವಿ6 ಬಗ್ಗೆ ಒಂದು ಮಾತು. ಅದು ಬಂದ ಲೈನಿನಲ್ಲಿ ಮನೆಯ ಪ್ರತಿ ಯಂತ್ರಕ್ಕೂ ಹೊರಗಿನ ವಿಳಾಸ ಸಿಗುತ್ತದೆ. ಸಿಜಿನ್ಯಾಟ್ ಇದೆ, ನಮಗೇನೂ ಆಗದು ಎಂದು ಕೂತವರ ರೌಟರಿನಲ್ಲಿ ಐಪಿವಿ6 ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಗೋಡೆ) ಆಫ್ ಆಗಿದ್ದರೆ ಮನೆ ತೆರೆದಿರುತ್ತದೆ. ಅದನ್ನೂ ನೋಡಿಕೊಳ್ಳಿ.

ಯಾವ ಬಾಗಿಲಾದರೂ ಬಿಡಲಾಗದವು

ಅಪ್‌ಡೇಟ್ ಮುಂದೂಡಿದ್ದರಿಂದ ಆದ ನಷ್ಟದ ಕಥೆಗಳಲ್ಲಿ ಎರಡು ನನ್ನ ಮನಸ್ಸಿನಲ್ಲಿ ಉಳಿದಿವೆ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದು ತೇಪೆ (ದೋಷ ಮುಚ್ಚುವ ಅಪ್‌ಡೇಟ್) ಕೊಟ್ಟಿತ್ತು. ಇನ್ನೊಂದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಪಾಸ್‌ವರ್ಡ್ ಕಾಯುವ ಲಾಸ್ಟ್‌ಪಾಸ್ ಕಂಪನಿಗೆ 2022ರಲ್ಲಿ ಬಿದ್ದ ಕನ್ನದಲ್ಲಿ, ಕಳ್ಳರು ಅದರ ಎಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರಿನ ಮೂಲಕ ಬಂದರು. ಅಲ್ಲಿದ್ದ ಪ್ಲೆಕ್ಸ್ ಎಂಬ ಮೀಡಿಯಾ ಸರ್ವರಿನ ದೋಷಕ್ಕೆ 2020ರಲ್ಲೇ ತೇಪೆ ಬಂದಿತ್ತು, ಹಾಕಿರಲಿಲ್ಲ. ಸಿನಿಮಾ ನೋಡಲೆಂದು ಮನೆಯಲ್ಲಿ ಇಟ್ಟ ಒಂದು ತಂತ್ರಾಂಶ ಲಕ್ಷಾಂತರ ಜನರ ಪಾಸ್‌ವರ್ಡ್ ಪೆಟ್ಟಿಗೆಯವರೆಗೆ ದಾರಿಯಾಯಿತು.

ಡೆಬಿಯನ್ ಅಥವಾ ಉಬುಂಟುವಿನಲ್ಲಿ ಭದ್ರತೆಯ ಅಪ್‌ಡೇಟ್ ತಾನಾಗಿ ಆಗುವಂತೆ ಇಡಬಹುದು. ಆದರೆ ಡಾಕರ್ ಕಂಟೇನರುಗಳು (ತಂತ್ರಾಂಶವನ್ನು ಅದಕ್ಕೆ ಬೇಕಾದುದರ ಸಮೇತ ಕಟ್ಟಿಟ್ಟ ಪೊಟ್ಟಣಗಳು) ಅದರೊಂದಿಗೆ ಅಪ್‌ಡೇಟ್ ಆಗುವುದಿಲ್ಲ, ಅವಕ್ಕೆ ತಿಂಗಳ ಒಂದು ಭಾನುವಾರ ಮೀಸಲಿಡಬೇಕು. ಡಾಕರ್ ಇನ್ನೊಂದು ಮೋಸ ಮಾಡುತ್ತದೆ: ಯುಎಫ್‌ಡಬ್ಲ್ಯೂ ಫೈರ್‌ವಾಲಿನಲ್ಲಿ ಪೋರ್ಟ್ ಮುಚ್ಚಿದ್ದೇವೆ ಎಂದು ನೀವು ನಂಬಿದ್ದರೂ, ಕಂಟೇನರ್ ಪ್ರಕಟಿಸಿದ ಪೋರ್ಟ್ ಆ ನಿಯಮವನ್ನು ದಾಟಿ ತೆರೆದೇ ಇರುತ್ತದೆ. ಪೋರ್ಟನ್ನು 127.0.0.1ಕ್ಕೆ, ಅಂದರೆ ಆ ಯಂತ್ರದೊಳಗಿನಿಂದ ಮಾತ್ರ ಮುಟ್ಟಬಹುದಾದ ವಿಳಾಸಕ್ಕೆ, ಕಟ್ಟಿಹಾಕಿ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ನಿಲ್ಲಿಸಿ ಕೀಲಿ ಕಡತ ಬಳಸಿ. ರೌಟರಿನಲ್ಲಿ, ಯಂತ್ರಗಳು ತಾವಾಗಿ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿ, ಬಂದಾಗಿನ ಪಾಸ್‌ವರ್ಡ್ ಬದಲಿಸಿ. ಅಂಗಡಿಯ ಸಿಸಿಟಿವಿ ಕ್ಯಾಮೆರಾ, ಡಿವಿಆರ್‌ಗಳನ್ನು ಬೇರೆ ಗೆಸ್ಟ್ ವೈ-ಫೈಗೆ ತಳ್ಳಿ. 2016ರಲ್ಲಿ ಮಿರಾಯ್ ಎಂಬ ಬಾಟ್‌ನೆಟ್ (ಕಳ್ಳರ ವಶವಾದ ಯಂತ್ರಗಳ ಪಡೆ) ಬೆಳೆದದ್ದೇ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಇಂಥ ಕ್ಯಾಮೆರಾಗಳಿಂದ.

ಡಿಸ್ಕ್ ಗುಪ್ತಲಿಪಿಯ ವಿಷಯದಲ್ಲಿ ನಮ್ಮ ಕರೆಂಟ್ ಒಂದು ನಿಜವಾದ ಇಕ್ಕಟ್ಟನ್ನು ತಂದಿಡುತ್ತದೆ. ಯಂತ್ರ ಕಳುವಾದರೆ ಒಳಗಿನದು ಯಾರಿಗೂ ಓದಲು ಬರಬಾರದು ಎಂದರೆ ಡಿಸ್ಕ್ ಪೂರ್ತಿ ಗುಪ್ತಲಿಪಿಯಲ್ಲಿ ಇರಬೇಕು. ಆದರೆ ಹಾಗೆ ಮಾಡಿದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಯಂತ್ರ ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತದೆ, ನೀವು ಊರಲ್ಲಿರುವುದಿಲ್ಲ. ನಾನು ಕಂಡುಕೊಂಡ ಮಧ್ಯದ ದಾರಿ ಇದು: ಸಿಸ್ಟಮ್ ಇರುವ ಭಾಗವನ್ನು ಹಾಗೆಯೇ ಬಿಟ್ಟು, ಫೋಟೋ ಮತ್ತು ಕಾಗದಗಳಿರುವ ಭಾಗವನ್ನು ಮಾತ್ರ ಲಿನಕ್ಸಿನ ಗುಪ್ತಲಿಪಿ ಸಾಧನವಾದ ಲಕ್ಸ್ ಬಳಸಿ ಬೀಗ ಹಾಕುವುದು. ಯಂತ್ರ ತಾನಾಗಿ ಎದ್ದು ಟೇಲ್‌ಸ್ಕೇಲಿಗೆ ಬಂದು ಕೂರುತ್ತದೆ, ನಾನು ಎಲ್ಲಿದ್ದರೂ ಒಳಗೆ ಹೋಗಿ ಬೀಗ ತೆಗೆಯುತ್ತೇನೆ.

ಕೆಲವನ್ನು ಮನೆಗೆ ತರಲೇಬೇಡಿ. ಇಮೇಲ್ ಸರ್ವರ್ ಅವುಗಳಲ್ಲಿ ಮೊದಲನೆಯದು: ಮನೆಯ ಲೈನುಗಳಲ್ಲಿ ಪತ್ರ ಕಳಿಸುವ 25ನೇ ಪೋರ್ಟ್ ಹೆಚ್ಚಾಗಿ ಮುಚ್ಚಿರುತ್ತದೆ, ತೆರೆದಿದ್ದರೂ ಮನೆಯ ವಿಳಾಸದಿಂದ ಹೋದ ಪತ್ರ ಸ್ಪ್ಯಾಮ್ ಸೇರುತ್ತದೆ. ಪಾಸ್‌ವರ್ಡುಗಳನ್ನೂ ಮೊದಲ ವರ್ಷ ಮನೆಯಲ್ಲಿ ಇಡಬೇಡಿ, ಬಿಟ್‌ವಾರ್ಡನ್‌ನ ಉಚಿತ ಖಾತೆ ಸಾಕು. ಮನೆಯ ಸರ್ವರ್ ಕೆಟ್ಟ ದಿನವೇ ಅದನ್ನು ಸರಿಪಡಿಸಲು ಪಾಸ್‌ವರ್ಡ್ ಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಮನೆಯ ಕಾಗದಪತ್ರಗಳಿಗೆ ಪೇಪರ್‌ಲೆಸ್ ಎನ್‌ಜಿಎಕ್ಸ್ ಎಂಬ ತಂತ್ರಾಂಶ ಹಾಕಲು ಎಲ್ಲರಿಗೂ ಹೇಳುತ್ತೇನೆ. ಅದರೊಳಗಿನ, ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ಕನ್ನಡ ಅಕ್ಷರಗಳನ್ನು ಓದಬಲ್ಲದು. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಟ್ಟರೆ ಮುದ್ರಿತ ಪಹಣಿಯ ಮೇಲಿನ ಊರಿನ ಹೆಸರು ಟೈಪ್ ಮಾಡಿ ಹುಡುಕಬಹುದು. ಕೈಬರಹ ಮಾತ್ರ ಅದಕ್ಕೆ ದಕ್ಕುವುದಿಲ್ಲ.

ಮೂವರಿಗೆ ಹೇಳಿದ್ದು

ಸ್ಟುಡಿಯೋದವರಿಗೆ ಎರಡು ಡಿಸ್ಕಿನ ನ್ಯಾಸ್ ಹೊಂದಿತು, ಅವರ ಬಳಿ ಹಣವಿತ್ತು, ಸಮಯವಿರಲಿಲ್ಲ. ಒಂದು ಮದುವೆ 100 ಜಿಬಿ. 100 ಎಂಬಿಪಿಎಸ್ ಅಪ್‌ಲೋಡ್ ಇದ್ದರೂ ಹೊರಗೆ ಕಳಿಸಲು ಎರಡು ಗಂಟೆ ಮೀರಿ ಹಿಡಿಯುತ್ತದೆ, ಆದ್ದರಿಂದ ಮೂಲ ಕಡತಗಳು ಮನೆಯಲ್ಲೇ ಇರಬೇಕು. ಗಿರಾಕಿಗಳು ಆರಿಸಲು ಬೇಕಾದ ಚಿಕ್ಕ ಚಿತ್ರಗಳನ್ನು ಮಾತ್ರ ಬಾಡಿಗೆಯ ಗ್ಯಾಲರಿ ಸೇವೆಯೊಂದರಲ್ಲಿ ಇಡಲು ಹೇಳಿದೆ. ಹೊರಗಿನವರನ್ನು ನ್ಯಾಸ್‌ವರೆಗೆ ಕರೆತರುವುದೇ ಬೇಡ. ಅವರು ಮೊದಲು ಒಪ್ಪಲಿಲ್ಲ, ಎರಡು ಕಡೆ ಖರ್ಚು ಎಂದರು. ಡೆಡ್‌ಬೋಲ್ಟ್ ಕಥೆ ಕೇಳಿದ ಮೇಲೆ ಒಪ್ಪಿದರು.

ಬೀದರಿನ ಶಿಕ್ಷಕಿ, ಎಲ್ಲ ಕೇಳಿಸಿಕೊಂಡ ಮೇಲೆ, "ಕರೆಂಟ್ ಹೋದ್ರ ಮೊಮ್ಮಕ್ಕಳ ಫೋಟೋ ಸೈತ ಹೋಗ್ತಾವೇನಪಾ?" ಎಂದು ಕೇಳಿದರು. ಇಡೀ ವಿಷಯವನ್ನು ಅವರು ಒಂದೇ ಸಾಲಿನಲ್ಲಿ ಹಿಡಿದಿದ್ದರು. ಅವರಿಗೆ ಮಿನಿ ಪಿಸಿ, ಅದರಲ್ಲಿ ಫೋಟೋ ಇಡುವ ತಂತ್ರಾಂಶ ಇಮಿಚ್, ಟೇಲ್‌ಸ್ಕೇಲ್ ಬಾಗಿಲು, ಚಿಕ್ಕ ಯುಪಿಎಸ್. ಮಗಳ ಬೆಂಗಳೂರಿನ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಮತ್ತು 2 ಟಿಬಿ ಡಿಸ್ಕ್, ರಾತ್ರಿ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶದ ಮೂಲಕ ಅಲ್ಲಿಗೊಂದು ಪ್ರತಿ. ಅಪ್‌ಡೇಟ್ ನೋಡಿಕೊಳ್ಳುವ ಹೊಣೆ ಮಗಳದ್ದು. ಮಗಳು ಒಪ್ಪದಿದ್ದರೆ ಗೂಗಲ್‌ಗೆ ಹಣ ಕಟ್ಟಿರಿ ಎಂದೇ ಹೇಳುತ್ತಿದ್ದೆ.

ಯಾದಗಿರಿಯ ಅಂಗಡಿಗೆ ಹೊಸ ಯಂತ್ರವೇ ಬೇಕಾಗಲಿಲ್ಲ. 3389 ಪೋರ್ಟ್ ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಅಂಗಡಿಯ ಕಂಪ್ಯೂಟರ್, ಮಾಲೀಕರ ಲ್ಯಾಪ್‌ಟಾಪ್, ಲೆಕ್ಕ ಬರೆಯುವವರ ಕಂಪ್ಯೂಟರ್ ಮೂರನ್ನೂ ಟೇಲ್‌ಸ್ಕೇಲಿಗೆ ಸೇರಿಸಿದೆವು. ರಿಮೋಟ್ ಡೆಸ್ಕ್‌ಟಾಪ್ ಈಗ ಆ ಜಾಲದೊಳಗೆ ಮಾತ್ರ ತೆರೆಯುತ್ತದೆ. ಖರ್ಚಾದದ್ದು ಎರಡು ಪೋರ್ಟಬಲ್ ಡಿಸ್ಕಿಗೆ ಮಾತ್ರ. ಒಂದು ವಾರ ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಮನೆಯ ತಿಜೋರಿಯಲ್ಲಿ, ಮುಂದಿನ ವಾರ ಅದಲುಬದಲು. ತಂತಿಯಿಂದ ಕಿತ್ತು ದೂರ ಇಟ್ಟ ಡಿಸ್ಕಿಗೆ ಯಾವ ರ‍್ಯಾನ್ಸಮ್‌ವೇರ್ ಕೂಡ ಬೀಗ ಹಾಕಲಾರದು. ಬ್ಯಾಕಪ್ಪಿನಿಂದ ಲೆಕ್ಕವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುವ ಪರೀಕ್ಷೆಗೆ ಒಂದು ದಿನ ಗೊತ್ತುಮಾಡಿ ಎಂದಾಗ, ಅವರು ದೀಪಾವಳಿಯಲ್ಲಿ ಹೊಸ ಖಾತೆ ಪೂಜೆಯ ಹಿಂದಿನ ದಿನವನ್ನು ಆರಿಸಿದರು. ಕಳೆದ ಸಲ ಆ ಪರೀಕ್ಷೆಗೆ 40 ನಿಮಿಷ ಹಿಡಿಯಿತು. ಕೊನೆಯ ವೋಚರಿನವರೆಗೆ ಲೆಕ್ಕ ತಾಳೆಯಾಗುವ ತನಕ ಅವರು ಕುರ್ಚಿ ಬಿಟ್ಟು ಏಳಲಿಲ್ಲ.